ಫ್ರಿಜ್ಜಿನ ಮೇಲಿನ ಕಳ್ಳಿ

ವಿಜಯಪುರದ ಕಡೆ ಹುಟ್ಟಿ ಬೆಳೆದವನಿಗೆ ಕಳ್ಳಿಯ ಪರಿಚಯ ಯಾರೂ ಮಾಡಿಕೊಡಬೇಕಿಲ್ಲ. ಹೊಲದ ಬದುವಿನಲ್ಲಿ, ಬಿದ್ದ ಗೋಡೆಯ ಮಗ್ಗುಲಲ್ಲಿ, ಯಾರೂ ಒಂದು ತಂಬಿಗೆ ನೀರು ಹಾಕದ ಕಡೆ ಅದು ತಾನಾಗಿ ನಿಂತಿರುತ್ತದೆ. ಹಾಗಾಗಿ ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ಆಜಿ ದೀಪಾವಳಿ ಮುಗಿಸಿ ಪುಣೆಯ ಮಗನ ಮನೆಗೆ ಹೊರಟಾಗ, "ಬಾಳಾ, ನನ್ನ ಕ್ಯಾಕ್ಟಸ್ ಒಂದಿಷ್ಟು ನೋಡಿಕೋ" ಎಂದರೆ ನಾನು ಆಕೆಯ ಮಾತನ್ನು ಪೂರ್ತಿ ಕೇಳಲೇ ಇಲ್ಲ. ಗ್ಯಾಲರಿಯ ಮೂಲೆ ತೋರಿಸಿ ಏನೋ ಹೇಳುತ್ತಿದ್ದರು. "ನಮ್ಮೂರಲ್ಲಿ ಬೇಲಿಗೇ ಕಳ್ಳಿ ಹಾಕ್ತಾರೆ ಆಜಿ, ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ" ಎಂದು ಚೀಲ ಎತ್ತಿಕೊಂಡು ಸ್ಟೇಷನ್ನಿನವರೆಗೆ ಬಿಟ್ಟು ಬಂದೆ.

ಊರಿನ ಬದುವಿನ ಹಾಲುಗಳ್ಳಿ ಕ್ಯಾಕ್ಟಸ್ ಕುಲದ್ದೇ ಅಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕ್ಯಾಕ್ಟಸ್‌ಗಳ ತವರು ಅಮೆರಿಕ; ನಮ್ಮ ಪಾಪಾಸುಕಳ್ಳಿ ಕೂಡ ಅಲ್ಲಿಂದ ಹಡಗಿನಲ್ಲಿ ಬಂದದ್ದು. ಆದರೆ ಕುಲ ಗೊತ್ತಿಲ್ಲದಿದ್ದದ್ದು ದೊಡ್ಡ ತಪ್ಪಲ್ಲ. ಎರಡೂ ನೀರಿಲ್ಲದೆ ಬದುಕಿದ್ದನ್ನು ಮಾತ್ರ ನಾನು ಕಂಡಿದ್ದೆ. ಬೆಳಗಿನಿಂದ ಸಂಜೆಯ ತನಕ ಅವು ಬಯಲ ಬಿಸಿಲಿನಲ್ಲಿ ನಿಂತಿರುತ್ತಿದ್ದವು ಎಂಬುದು ಕಣ್ಣೆದುರೇ ಇದ್ದರೂ ಲೆಕ್ಕಕ್ಕೆ ಬಂದಿರಲಿಲ್ಲ.

ಆಜಿಯ ಗಿಡ ಮುಷ್ಟಿಯಷ್ಟು ದಪ್ಪದ, ಗುಂಡನೆಯ, ಗಾಢ ಹಸಿರಿನ ಕ್ಯಾಕ್ಟಸ್. ಗ್ಯಾಲರಿಯಲ್ಲಿ ಹುಡುಗರು ಚೆಂಡಾಡುತ್ತಾರೆ, ಪಾರಿವಾಳಗಳ ಕಾಟ ಬೇರೆ. ಪರರ ಸೊತ್ತು ಜೋಪಾನವಾಗಿರಲಿ ಎಂದು ಅದನ್ನು ಒಳಗೆ ತಂದು ಫ್ರಿಜ್ಜಿನ ಮೇಲಿಟ್ಟೆ. ನಮ್ಮದು ಉದ್ದನೆಯ ಖೋಲಿ. ಮುಂದೆ ಗ್ಯಾಲರಿಯ ಬಾಗಿಲು. ಹಿಂದಿನ ಕಿಟಕಿ ತೆರೆದರೆ ಕೈಗೆಟಕುವಂತೆ ಪಕ್ಕದ ಕಟ್ಟಡದ ಗೋಡೆ. ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅದರಡಿ ಪೇಪರು ಓದುತ್ತೇವೆ, ಅಕ್ಕಿ ಆರಿಸುತ್ತೇವೆ. ಗಿಡಕ್ಕೆ ಇನ್ನೆಷ್ಟು ಬೆಳಕು ಬೇಕು ಅನ್ನಿಸಿತು. ವಾರಕ್ಕೊಮ್ಮೆ ಮರೆಯದೆ ನೀರನ್ನೂ ಹಾಕಿದೆ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಗಿಡ ಎದ್ದಿತು. ಗುಂಡಗಿದ್ದದ್ದು ನೆತ್ತಿಯಿಂದ ಮೇಲಕ್ಕೆ ಚಾಚಿ, ಹೋಳಿಯ ಹೊತ್ತಿಗೆ ಬೆರಳಿನಂತೆ ಉದ್ದವಾಯಿತು. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮನೆಗೆ ಬಂದವರಿಗೆಲ್ಲ ತೋರಿಸಿದೆ. ಹೆಂಡತಿ ಒಮ್ಮೆ, "ಬಣ್ಣ ಯಾಕೋ ಬಿಳಚಿಕೊಂಡಿದೆಯಲ್ರೀ" ಅಂದಳು. ಎಳೆಯ ಚಿಗುರು ಹಾಗೇ ಇರುತ್ತದೆ ಎಂದು ಅವಳಿಗೇ ಪಾಠ ಹೇಳಿದೆ. ಕೊನೆಗೆ ಫೋಟೋ ತೆಗೆದು ಆಜಿಯ ಮೊಮ್ಮಗನ ಫೋನಿಗೆ ಕಳಿಸಿದೆ.

ಆಜಿ ಫೋನು ಮಾಡಿದರು. ಹೊಗಳುತ್ತಾರೆಂದು ನಗುತ್ತಲೇ ಎತ್ತಿಕೊಂಡೆ. "ಎಲ್ಲಿಟ್ಟಿದ್ದೀಯ?" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಬೆಳೀತಿಲ್ಲ ಬಾಳಾ, ಬೆಳಕು ಹುಡುಕ್ತಿದೆ. ಹೊರಗಿಡು. ನಿಧಾನಕ್ಕೆ" ಎಂದರು.

ಆ ಕೊನೆಯ ಶಬ್ದ ನನ್ನೊಳಗೆ ಇಳಿಯಲಿಲ್ಲ. ಬಂದವರಿಗೆಲ್ಲ ತೋರಿಸಿ ಬೀಗಿದ್ದು ಗಿಡದ ಹಸಿವನ್ನು ಎಂದು ಗೊತ್ತಾದ ಮೇಲೆ ಮುಖ ಬಿಸಿಯಾಗಿತ್ತು. ತಪ್ಪನ್ನು ಕೂಡಲೇ ಅಳಿಸಿಹಾಕುವ ಆತುರ. ಮರುದಿನವೇ ಕುಂಡವನ್ನು ತಾರಸಿಗೆ ಒಯ್ದು, ನೀರಿನ ಟಾಕಿಯ ಪಕ್ಕ ನೆರಳೇ ಬೀಳದ ಕಡೆ ಇಟ್ಟೆ. ಏಪ್ರಿಲ್ ಬಿಸಿಲು. ಕೆಲವೇ ದಿನಗಳಲ್ಲಿ ಪಡುವಣದ ಮೈ ಬಿಳಿಚಿ, ಆಮೇಲೆ ಕಂದುಬಣ್ಣದ ಒರಟು ತೊಗಟೆಯಾಯಿತು. ಹಸಿದು ಬಡಕಲಾಗಿದ್ದದ್ದನ್ನು ಸುಟ್ಟೂ ಬಿಟ್ಟೆ.

ಆಗ ಕುಳಿತು ತಿಳಿದುಕೊಂಡೆ. ಬೆಳಕು ಸಾಲದ ಗಿಡ ಕಾಂಡವನ್ನು ಉದ್ದಕ್ಕೆ ಚಾಚುತ್ತದೆ. ಹಸಿರು ಕಡಿಮೆಯಾಗುತ್ತದೆ, ಮುಳ್ಳು ವಿರಳವಾಗುತ್ತದೆ. ಹಾಗೆ ತೆಳ್ಳಗಾದ ಭಾಗ ಮುಂದೆ ಎಷ್ಟೇ ಬೆಳಕು ಸಿಕ್ಕರೂ ಮತ್ತೆ ಗುಂಡಗಾಗುವುದಿಲ್ಲ. ನೆರಳಲ್ಲಿ ಬೆಳೆದ ಮೈಗೆ ಬಿಸಿಲು ತಡೆಯುವ ಸಿದ್ಧತೆಯೂ ಇರುವುದಿಲ್ಲ, ಅದನ್ನು ಬೆಳೆಸಿಕೊಳ್ಳಲು ಎರಡು ಮೂರು ವಾರವಾದರೂ ಬೇಕು. ಸುಟ್ಟ ಕಲೆ ಮಾಸುವುದಿಲ್ಲ. ನೀರು ಉಳಿಸಲು ಕ್ಯಾಕ್ಟಸ್ ಹಗಲು ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ರಾತ್ರಿ ತೆರೆಯುತ್ತದೆ. ಇರುಳು ಕೂಡಿಟ್ಟ ಇಂಗಾಲದ ಡೈಆಕ್ಸೈಡನ್ನು ಹಗಲಿನ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ. ನಾನು ಬೆಳಕು ಕೊಡದೆ ನೀರು ಮಾತ್ರ ಹಾಕುತ್ತ ಹೋಗಿದ್ದೆ.

ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬೆಳಕು ಅಳೆಯುವ ಸಣ್ಣ ಮೀಟರೊಂದನ್ನು ತಂದೆ. ಬಯಲಿನ ನಡುಹಗಲ ಬಿಸಿಲು 1,00,000 ಲಕ್ಸ್ ಮುಟ್ಟುತ್ತದೆ. ನಾನು ಸಾಕಷ್ಟು ಬೆಳಕಿದೆ ಎಂದು ನಂಬಿದ್ದ ಫ್ರಿಜ್ಜಿನ ತಲೆಯ ಮೇಲೆ 100 ಕೂಡ ಆಗಲಿಲ್ಲ. ನಮ್ಮ ಕಣ್ಣು ಕತ್ತಲಿಗೂ ಬೆಳಕಿಗೂ ಹೊಂದಿಕೊಂಡುಬಿಡುವುದರಿಂದ ಸಾವಿರ ಪಟ್ಟಿನ ಈ ಅಂತರ ನಮಗೆ ತಿಳಿಯುವುದೇ ಇಲ್ಲ. ಬಾಗಿಲಿಂದ ಒಳಕ್ಕೆ ಹೆಜ್ಜೆ ಹೆಜ್ಜೆಗೂ ಅಂಕಿ ಇಳಿಯುವುದನ್ನು ನೋಡುತ್ತ, ಇಷ್ಟು ವರ್ಷ ಈ ಮನೆಯಲ್ಲಿ ಬಾಳಿಯೂ ಇದರ ಬೆಳಕು ನನಗೆ ಗೊತ್ತಿರಲಿಲ್ಲವಲ್ಲ ಅನ್ನಿಸಿತು.

ಆಜಿಗೆ ಗೊತ್ತಿತ್ತು. ನಮ್ಮ ಗ್ಯಾಲರಿ ದಕ್ಷಿಣಕ್ಕಿದೆ. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಕೊನೆಯಲ್ಲಿ ನಡುಹಗಲ ಸೂರ್ಯ 48 ಡಿಗ್ರಿಗಿಂತ ಮೇಲೇರುವುದಿಲ್ಲ, ಹಾಗಾಗಿ ಹಿತವಾದ ಬಿಸಿಲು ಕಟಕಟೆ ದಾಟಿ ಒಳಗೆ ಬೀಳುತ್ತದೆ. ಬೇಸಿಗೆ ಏರಿದಂತೆ ಸೂರ್ಯ ನೆತ್ತಿಗೆ ಬರುತ್ತಾನೆ, ಗ್ಯಾಲರಿಯ ಮಾಡೇ ಉರಿಬಿಸಿಲನ್ನು ತಡೆಯುತ್ತದೆ. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಆಜಿ ತೋರಿಸಿದ್ದ ಆ ಮೂಲೆಯಲ್ಲಿ ಕುಂಡ ಕದಲಿಸದೆಯೇ ಋತುವಿಗೆ ತಕ್ಕ ಬೆಳಕು ಸಿಗುತ್ತಿತ್ತು. ಅಕ್ಷಾಂಶದ ಲೆಕ್ಕವಿಲ್ಲದೆ, ಹಪ್ಪಳ ಒಣಗಿಸುತ್ತ, ಬಟ್ಟೆ ಹರವುತ್ತ ಆಕೆ ಕಂಡುಕೊಂಡದ್ದು ಅದು.

ಮಳೆಗೆ ಮುಂಚೆ ಆಜಿ ಮರಳಿದರು. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಬಿಳಚಿ, ನಡುವೆ ಕುತ್ತಿಗೆ ಸಣ್ಣಗಾಗಿ ವಾಲಿದ ಗಿಡವನ್ನು ಕೈಗಿಡುವಾಗ ಅವರ ಮುಖ ನೋಡಲಾಗಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಕನ್ನಡಕ ಏರಿಸಿ, ತೊಗಟೆಯ ಮೇಲೆ ಬೆರಳಾಡಿಸಿ, ಕುಂಡದ ಮಣ್ಣು ಒತ್ತಿ ನೋಡಿ, "ಬೇರು ಗಟ್ಟಿ ಇದೆ" ಎಂದಷ್ಟೇ ಅಂದರು. ಹೊಸ ಗಿಡ ತಂದುಕೊಡುತ್ತೇನೆ ಎಂದೆ. ಬೇಡವೆಂದರು. ತೆಳ್ಳಗಾದ ಭಾಗವನ್ನಾದರೂ ಈಗಲೇ ಕತ್ತರಿಸಿಬಿಡಲೇ ಎಂದು ಕೇಳಿದೆ. ಮತ್ತದೇ ಆತುರ.

ಮಳೆಗಾಲದ ತೇವಕ್ಕೆ ಕತ್ತರಿಸಿದ ಗಾಯ ಕೊಳೆಯುತ್ತದಂತೆ. ಅಕ್ಟೋಬರಿನ ಒಣಹವೆ ಬಂದ ಮೇಲೆ ಕುತ್ತಿಗೆಯ ಕೆಳಗೆ ಚೊಕ್ಕವಾಗಿ ಕತ್ತರಿಸಿ, ಗಾಯ ಒಣಗಿ ಗಟ್ಟಿಯಾಗುವವರೆಗೆ ನೆರಳಲ್ಲಿಟ್ಟು, ಮರಳು ಬೆರೆತ ಮಣ್ಣಿಗೆ ಊರಬೇಕು. ಉಳಿದ ಬುಡ ಪಕ್ಕದಿಂದ ಮರಿ ಹಾಕಬಹುದು. ಅಲ್ಲಿಯವರೆಗೆ ಗಿಡ ಅದರ ಮೂಲೆಯಲ್ಲೇ ಇರುತ್ತದೆ. ಇರಚಲು ಬಡಿಯುವ ದಿನ ಮಾತ್ರ ಒಂದು ಮೊಳ ಒಳಗೆ ಸರಿಸುತ್ತೇನೆ, ನೀರು ಹಾಕುವ ಮೊದಲು ಆಜಿಯನ್ನು ಕೇಳುತ್ತೇನೆ. ಕತ್ತರಿಸುವ ಕೆಲಸ ನನ್ನದೇ ಎಂದು ಅವರು ಆಗಲೇ ಹೇಳಿಬಿಟ್ಟಿದ್ದಾರೆ.