ಮಠದ ಊಟ, ನನ್ನ ಓಟು

2023ರ ಏಪ್ರಿಲ್ ಕೊನೆಯ ವಾರ. ವಿಲೇಪಾರ್ಲೆ ಸ್ಟೇಶನ್ನಿನಲ್ಲಿ ಇಳಿದು ರೂಮಿನ ಕಡೆ ನಡೆಯುತ್ತಿದ್ದಾಗ ಅಪ್ಪನ ಫೋನು ಬಂತು.

"ಮೇ ಹತ್ತಕ್ಕ ಓಟು. ಬಸ್ ಬುಕ್ ಮಾಡಿಯೇನು?"

ಮಾಡಿದ್ದೇನೆ ಎಂದೆ. ಅಪ್ಪ ದನಿ ತಗ್ಗಿಸಿದರು. "ಮಠದಿಂದ ಹೇಳಿ ಕಳಿಸ್ಯಾರ. ಈ ಸಲ ನಮ್ಮವಗ ಹಾಕಬೇಕಂತ. ಅಜ್ಜಾರ ಮಾತು, ಮೀರೂದು ಬ್ಯಾಡ."

ಹೂಂ ಎಂದೆ. ಹಾಗೆ ಅಂದದ್ದು ರಾತ್ರಿಯಿಡೀ ಕಾಡಿತು.

ಅಜ್ಜಾರು ಅಂದರೆ ನಮ್ಮ ತಾಲ್ಲೂಕಿನ ಮಠದ ಸ್ವಾಮಿಗಳು. 2002ರ ಬರದಲ್ಲಿ ಅಪ್ಪ ನನ್ನನ್ನು ಮಠದ ಪ್ರಸಾದ ನಿಲಯದಲ್ಲಿ ಬಿಟ್ಟು ಗೋವಾಕ್ಕೆ ದುಡಿಯಲು ಹೋದರು. ಐದನೆಯ ತರಗತಿಯಿಂದ ಹತ್ತನೆಯವರೆಗೆ, ಆರು ವರ್ಷ, ನಾನು ಉಂಡದ್ದು ಮಠದ ರೊಟ್ಟಿ, ಮಠದ ನುಚ್ಚು, ಅಮಾವಾಸ್ಯೆಗೆ ಗೋಧಿ ಹುಗ್ಗಿ. ಒಂದು ಪೈಸೆ ಕೇಳಲಿಲ್ಲ. ಇವತ್ತು ಮುಂಬೈಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ಎಣಿಸುತ್ತಿದ್ದರೆ ಅದು ಆ ಪಂಕ್ತಿಯ ಪುಣ್ಯ. ಹಾಗಾಗಿ "ಮಠಗಳು ರಾಜಕೀಯ ಮಾಡಬಾರದು" ಎಂದು ಇಲ್ಲಿನ ಗೆಳೆಯರು ಸುಲಭವಾಗಿ ಹೇಳುವಾಗ ನನ್ನ ಬಾಯಿ ಕಟ್ಟುತ್ತದೆ.

ನನ್ನ ರೂಮ್‌ಮೇಟ್ ಮರಾಠಿಯವ, ವಕೀಲ. ಅಪ್ಪನ ಮಾತು ಹೇಳಿದಾಗ ನಕ್ಕ. "ನೀನು ದಿನಾ ಓಡಾಡುವ ಎರಡು ಸ್ಟೇಶನ್ನುಗಳೇ ಇದರ ಪಾಠ" ಎಂದ. 1987ರಲ್ಲಿ ವಿಲೇಪಾರ್ಲೆಯಲ್ಲಿ ಉಪಚುನಾವಣೆ ನಡೆದು ರಮೇಶ್ ಪ್ರಭು ಗೆದ್ದರು. ಧರ್ಮದ ಹೆಸರಿನಲ್ಲಿ ಓಟು ಕೇಳಿದ್ದಕ್ಕೆ ಬಾಂಬೆ ಹೈಕೋರ್ಟು ಆ ಗೆಲುವನ್ನು ರದ್ದು ಮಾಡಿತು. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪ್ರಚಾರ ಭಾಷಣ ಮಾಡಿದ್ದ ಬಾಳ್ ಠಾಕ್ರೆಯವರ ಮತದಾನದ ಹಕ್ಕೇ ಆರು ವರ್ಷ ಹೋಯಿತು. ಅದೇ ತೀರ್ಪು, ಹಿಂದುತ್ವ ಎಂಬ ಪದ ಹೆಚ್ಚಾಗಿ ಒಂದು ಜೀವನ ವಿಧಾನಕ್ಕೆ ಸಂಬಂಧಿಸಿದ್ದು ಎಂದೂ ಹೇಳಿ ಮುಂದಿನ ಜಗಳಗಳಿಗೆ ಬಾಗಿಲು ತೆರೆದಿಟ್ಟಿತು.

ಪಕ್ಕದ ಸ್ಟೇಶನ್ ಸಾಂತಾಕ್ರೂಜ್. ಅಲ್ಲಿಂದ 1990ರಲ್ಲಿ ಗೆದ್ದ ಅಭಿರಾಮ್ ಸಿಂಗ್ ಅವರ ಪ್ರಕರಣದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2017ರ ಜನವರಿ 2ರಂದು. ಇಪ್ಪತ್ತೇಳು ವರ್ಷ! ಪ್ರಶ್ನೆ ಒಂದೇ ಪದದ್ದು. ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೆಯ ಕಲಮು "ಅವನ ಧರ್ಮ"ದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ನಡವಳಿಕೆ ಎನ್ನುತ್ತದೆ. "ಅವನ" ಅಂದರೆ ಯಾರ? ಅಭ್ಯರ್ಥಿಯದೋ, ಮತದಾರನದೂ ಸೇರಿಯೋ? ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಮತದಾರನದೂ ಸೇರಿ ಎಂದರು. ಉಳಿದ ಮೂವರು ಒಪ್ಪಲಿಲ್ಲ. ಜಾತಿ, ಧರ್ಮದ ಕಾರಣಕ್ಕೇ ಅನ್ಯಾಯ ಉಂಡವರು ಅದನ್ನು ಚುನಾವಣೆಯಲ್ಲಿ ಮಾತಾಡುವುದು ಬೇಡವೇ ಎಂಬುದು ಅವರ ಚಿಂತೆ. ಅದೂ ತಳ್ಳಿಹಾಕುವ ಮಾತಲ್ಲ.

"ಹಾಗಾದರೆ ನಮ್ಮ ಅಜ್ಜಾರ ಮಾತು?" ಎಂದೆ.

"ಅಭ್ಯರ್ಥಿಯೋ ಅವನ ಏಜೆಂಟೋ ಕೇಳಿರಬೇಕು, ಇಲ್ಲವೇ ಅವರ ಒಪ್ಪಿಗೆ ಇದ್ದು ಬೇರೆಯವರು ಕೇಳಿರಬೇಕು. ಸ್ವಾಮಿಗಳು ತಾವಾಗೇ ಹೇಳಿದರೆ, ಅದನ್ನು ನಿನ್ನಪ್ಪ ನಿನಗೆ ಹೇಳಿದರೆ, ಕೋರ್ಟು ಏನು ಮಾಡೀತು?"

ಕಾನೂನು ಅಲ್ಲಿಗೆ ನಿಂತಿತು. ನಮ್ಮಲ್ಲಿ ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇಲ್ಲ, ಬೇಲಿ ಇದೆ. ದಾಟಲು ಜಾಗವೂ ಇದೆ. ದೇವಸ್ಥಾನಗಳನ್ನು ಮುಜರಾಯಿ ಇಲಾಖೆ ನೋಡಿಕೊಳ್ಳುತ್ತದೆ. ನಾನು ಓದಿದ ಮಠದ ಹೈಸ್ಕೂಲಿನ ಮಾಸ್ತರರಿಗೆ ಸಂಬಳ ಸರ್ಕಾರದ ಅನುದಾನದಿಂದ ಬರುತ್ತಿತ್ತು. ಕಟ್ಟಡ ಬೇಕಾದಾಗ ಮಠಕ್ಕೆ ಮಂತ್ರಿ ಬೇಕು, ಓಟು ಬೇಕಾದಾಗ ಮಂತ್ರಿಗೆ ಮಠ ಬೇಕು. ಧರ್ಮನಿರಪೇಕ್ಷತೆ ಸಂವಿಧಾನದ ಮೂಲರಚನೆಯ ಭಾಗ ಎಂದು 1994ರಲ್ಲಿ ಹೇಳಿದ ತೀರ್ಪಿಗೆ ನಮ್ಮ ಎಸ್.ಆರ್. ಬೊಮ್ಮಾಯಿಯವರ ಹೆಸರಿದೆ. ಹುಬ್ಬಳ್ಳಿ ಗ್ರಾಮಾಂತರದಿಂದ ಆರಿಸಿ ಬರುತ್ತಿದ್ದವರು. ದೇಶದ ವಕೀಲರೆಲ್ಲ ಆ ಹೆಸರು ಹೇಳುತ್ತಾರೆ, ನಮ್ಮೂರಿನಲ್ಲಿ ಮಾತ್ರ ಚುನಾವಣೆ ಬಂತೆಂದರೆ "ನಮ್ಮವ ಯಾರು?" ಎಂದೇ ಕೇಳುತ್ತಾರೆ.

ಊರಿಗೆ ಹೊರಡುವ ಮುಂಚಿನ ದಿನ ಹಳೆಯ ಗೆಳೆಯನಿಗೆ ಫೋನು ಮಾಡಿದೆ. ನದಾಫರ ಹುಡುಗ. ಆರು ವರ್ಷ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕೂತು ಉಂಡವನು. ಸಂಜೆಯ ಪ್ರಾರ್ಥನೆಯ ವಚನಗಳು ನನಗಿಂತ ಅವನಿಗೇ ಚೆನ್ನಾಗಿ ಬಾಯಿಪಾಠ. ಈಗ ತಾಲ್ಲೂಕಿನಲ್ಲೇ ಗ್ಯಾರೇಜು ಇಟ್ಟಿದ್ದಾನೆ.

"ಮಠದಿಂದ ಹೇಳಿ ಕಳಿಸ್ಯಾರಂತಲ್ಲೋ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗೇನೂ ಹೇಳಿ ಕಳಿಸಿಲ್ಲ ನೋಡು" ಎಂದ. ಆಮೇಲೆ ನಕ್ಕ. "ಊಟಕ್ಕಾದ್ರ ಕರಿತಿದ್ರು."

ಅವನು ನಕ್ಕ, ನನಗೆ ನಗಲಾಗಲಿಲ್ಲ. ರೂಮ್‌ಮೇಟಿನ ಯಾವ ಕಲಮೂ ಬಿಡಿಸದ ಗಂಟು ಅಲ್ಲಿ ಬಿಚ್ಚಿತು. ಆರು ವರ್ಷ ನಮಗೆ ಬಡಿಸಿದ ಕೈ, ತಾಟಿನ ಮುಂದೆ ಕೂತವನು ಯಾರ ಮಗ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮೇಲಿರುವ ಋಣ ಆ ಕೈಯದು. "ನಮ್ಮವ" ಎಂಬ ಮಾತಿನಲ್ಲಿ ಅವನಿಗೆ ಜಾಗ ಇಲ್ಲದಿದ್ದರೆ, ಆ ಮಾತನ್ನು ಪಾಲಿಸಿ ನಾನು ತೀರಿಸುವುದು ಮಠದ ಋಣವನ್ನಂತೂ ಅಲ್ಲ.

ಮೇ 10ರ ಬೆಳಿಗ್ಗೆ ಬಸ್ಸಿನಿಂದ ಇಳಿದು, ಸ್ನಾನ ಮಾಡಿ, ಸಾಲಿನಲ್ಲಿ ನಿಂತೆ. ಬೂತಿನೊಳಗೆ ಹೋದಾಗ ನಾನೊಬ್ಬನೇ ಇದ್ದೆ. ಯಾರಿಗೆ ಹಾಕಿದೆ ಎಂದು ಅಪ್ಪನಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಅಪ್ಪ ಒಮ್ಮೆ ಮುಖ ನೋಡಿದರು, ಕೇಳಲಿಲ್ಲ.

ಮಧ್ಯಾಹ್ನ ಮಠಕ್ಕೆ ಹೋದೆ. ಅಜ್ಜಾರಿಗೆ ವಯಸ್ಸಾಗಿದೆ. ಕಾಲಿಗೆ ನಮಸ್ಕರಿಸಿದೆ.

"ಮುಂಬೈದಿಂದ ಬಂದಿ? ಓಟು ಹಾಕಿದಿ?"

"ಹಾಕಿದೆರಿ ಅಜ್ಜಾರ."

ಮುಂದೆ ಕೇಳುತ್ತಾರೇನೋ ಎಂದು ಎದೆ ಹೊಡೆದುಕೊಂಡಿತು. ಅವರು ನನ್ನ ಬೆರಳಿನ ಶಾಯಿ ನೋಡಿದರು, ಅಡುಗೆಮನೆಯ ಕಡೆ ಕೈ ತೋರಿಸಿದರು.

"ಉಂಡು ಹೋಗು."