ಫೆಲಿಚೆ ನಜಾರೊ

ಇಟಲಿಯ ರೇಸ್ ಚಾಲಕರೆಂದರೆ ನಮಗೆ ನುವೊಲಾರಿ, ಅಸ್ಕಾರಿ ನೆನಪಾಗುತ್ತಾರೆ. ಅವರಿಗಿಂತ ಮೊದಲಿನವನು ಟ್ಯೂರಿನ್ನಿನ ಫೆಲಿಚೆ ನಜಾರೊ. ಕಲ್ಲಿದ್ದಲು ವ್ಯಾಪಾರಿಯ ಮಗ. ಚೆಯಿರಾನೊ ವರ್ಕ್‌ಶಾಪಿನಲ್ಲಿ ಹುಡುಗನಾಗಿದ್ದಾಗಲೇ ಕೆಲಸ ಕಲಿತ. 1899ರಲ್ಲಿ ಆ ವರ್ಕ್‌ಶಾಪನ್ನು ಫಿಯೆಟ್ ಕೊಂಡಾಗ ಇವನೂ ಅಲ್ಲಿಗೇ ಹೋದ. 1907ರಲ್ಲಿ ಟಾರ್ಗಾ ಫ್ಲೋರಿಯೊ, ಜರ್ಮನಿಯ ಕೈಸರ್ ಪ್ರೈಜ್, ಫ್ರೆಂಚ್ ಗ್ರ್ಯಾಂಡ್ ಪ್ರಿ ಮೂರನ್ನೂ ಗೆದ್ದ. ಮುಂದೆ ತನ್ನದೇ ಹೆಸರಿನ ಕಾರು ಕಂಪನಿ ಕಟ್ಟಿ, 1913ರ ಟಾರ್ಗಾ ಫ್ಲೋರಿಯೊವನ್ನು ಅದರ ಕಾರಿನಲ್ಲೇ ಗೆದ್ದ. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ.

ನನ್ನನ್ನು ಕಾಡುವುದು 1922ರ ಸ್ಟ್ರಾಸ್‌ಬರ್ಗ್. 800 ಕಿ.ಮೀ.ಗೂ ಹೆಚ್ಚು ದೂರದ ಫ್ರೆಂಚ್ ಗ್ರ್ಯಾಂಡ್ ಪ್ರಿ. ಫಿಯೆಟ್‌ನ ಮೂರು ಕಾರುಗಳಲ್ಲಿ ಒಂದು ನಜಾರೊನದು, ಇನ್ನೊಂದು ಅವನ ಸೋದರಳಿಯ ಬಿಯಾಜಿಯೊನದು, ಮತ್ತೊಂದು ಬೋರ್ಡಿನೊನದು. ಕೊನೆಯ ಹಂತದಲ್ಲಿ ಬೋರ್ಡಿನೊ, ಬಿಯಾಜಿಯೊ ಇಬ್ಬರ ಕಾರಿನ ಹಿಂದಿನ ಆ್ಯಕ್ಸಲ್ಲೂ ಮುರಿಯಿತು. ಬೋರ್ಡಿನೊ ಬದುಕಿದ, ಬಿಯಾಜಿಯೊ ಸತ್ತ. ನಲವತ್ತರ ಆಸುಪಾಸಿನ ಮಾವ ಗೆದ್ದ. ಆಮೇಲೆ ಬಿಚ್ಚಿ ನೋಡಿದರೆ ಅವನ ಕಾರಿನ ಆ್ಯಕ್ಸಲ್ಲೂ ಬಿರುಕು ಬಿಟ್ಟಿತ್ತಂತೆ. ಯಂತ್ರವನ್ನು ಹಿಂಸಿಸದೆ ನಯವಾಗಿ ಓಡಿಸುವುದೇ ನಜಾರೊನ ಹೆಸರುವಾಸಿ ಗುಣ. ಆದರೂ ಆ ದಿನ ಅವನನ್ನು ಉಳಿಸಿದ್ದು ಕೌಶಲ ಮಾತ್ರ ಎನ್ನಲು ನನಗೆ ಮನಸ್ಸು ಬಾರದು.

ರೇಸುಗಳು ಅನೇಕರನ್ನು ನುಂಗಿದ ಆ ಕಾಲ ದಾಟಿ, 1940ರಲ್ಲಿ ಅವನು ಟ್ಯೂರಿನ್ನಿನಲ್ಲಿ ತೀರಿಕೊಂಡ.