ಬೊಗಳದ ನಾಯಿ

ಜಯಪುರದ ನಮ್ಮ ಮನೆಯ ನಾಯಿ ಅಡಿಕೆಯ ಹಾಳೆ ಬಿದ್ದರೂ ಬೊಗಳುತ್ತಿತ್ತು. ನಿದ್ದೆಗೆಟ್ಟ ನಾನು ಒಂದು ರಾತ್ರಿ ಅದನ್ನು ಒಳಕೋಣೆಯಲ್ಲಿ ಕೂಡಿ ಬಾಗಿಲಿಕ್ಕಿದೆ. ಸುಖನಿದ್ರೆ! ಬೆಳಗ್ಗೆ ನೋಡಿದರೆ ಕಾಡುಹಂದಿಗಳು ಬಾಳೆಗಿಡಗಳನ್ನೆಲ್ಲ ಮಗುಚಿದ್ದವು.

ಬೆಂಗಳೂರಿನಲ್ಲಿ ಕಂಪ್ಯೂಟರುಗಳ ಕಾವಲು ಕೇಂದ್ರವೊಂದರಲ್ಲಿ ರಾತ್ರಿಪಾಳಿ ಮಾಡುವ ತಮ್ಮ ಇದನ್ನು ಕೇಳಿ ನಗಲಿಲ್ಲ. ಯಾರಾದರೂ ಮೇಲಿಂದ ಮೇಲೆ ಪಾಸ್‌ವರ್ಡ್ ತಪ್ಪಿದರೆ ಎಚ್ಚರಿಸಬೇಕಾದ ಅವನ ನಿಯಮವೂ ವಾರಗಟ್ಟಲೆ ಮೌನವಾಗಿತ್ತಂತೆ. ತಾನೇ ಬೇಕೆಂದು ಹತ್ತು ಸಲ ತಪ್ಪಿ ನೋಡಿದಾಗ ಗುಟ್ಟು ತಿಳಿಯಿತು: ನಿಯಮದಲ್ಲಿ ದೋಷವಿಲ್ಲ, ಪ್ರವೇಶದ ದಾಖಲೆಗಳೇ ಅದರ ಬಳಿಗೆ ಬರುತ್ತಿರಲಿಲ್ಲ. 2022ರ ಆಜ್ಞೆಯಂತೆ ಇಂಥ ಆಕ್ರಮಣವನ್ನು ಅರಿತ 6 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅರಿಯದ್ದನ್ನು ತಿಳಿಸುವುದೆಂತು?

ಈಗ ನಾಯಿ ಅಂಗಳದಲ್ಲಿದೆ. ಮಲಗುವ ಮುನ್ನ ನಾನೇ ಕಳ್ಳನಂತೆ ಹೋಗಿ ಉಣುಗೋಲು ಅಲುಗಿಸುತ್ತೇನೆ. ಅದು ಬೊಗಳಿದರೆ ಮಾತ್ರ ನನಗೆ ನಿದ್ರೆ.